ಸ್ಟೆಪ್ನಿ

ನೌಬಾದ್ ದಾಟಿದರೆ ಎಡಕ್ಕೆ ವಜೀರೋದ್ದೀನನ ಟೈರಿನಂಗಡಿ.
ಡಿಸೆಂಬರ್. ಬೀದರಿನ ಮಂಜು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ,
ಎದುರಿನ ಬೇವಿಗೆ ಕಾಂಡವಿದೆ, ತಲೆಯಿಲ್ಲ.
ಚಹಾದ ಗ್ಲಾಸಿಗೆ ಕೈ ಕಾಸುತ್ತ ನಾವು ಮೂವರು.
ಜಾಕಿನ ಮೇಲೆ ನಮ್ಮ ಗಾಡಿ,
ಲಾಳಕ್ಕೆ ಕಾಲು ಕೊಟ್ಟ ಕುದುರೆ.

ಸುಗುಣಾ ಫೋನಿನಲ್ಲಿ ರೇಟು ನೋಡಿಯೇ ಬಂದವಳು.
ಅವಳಿಗೆ ಹದಿನೇಳರ ಅಲಾಯ್ ಬೇಕು, ಐದೆಸಳಿನದು:
"ಕ್ರಿಸ್ಮಸ್ಸಿಗೆ ಎಲ್ಲರೂ ಬರ್ತಾರ, ಗಾಡಿ ಛಂದ ಕಾಣಬ್ಯಾಡೇನು?"
ನನಗೆ ಆಳದ ಗೀರು ಬೇಕು.
ಭಾಲ್ಕಿ ಕಡೆಯ ಎರೆ ಮಣ್ಣು ನಾಲ್ಕು ಹನಿ ಬಿದ್ದರೆ
ಗಾಲಿಯನ್ನು ಸಾಲಗಾರನ ಹಾಗೆ ಹಿಡಿಯುತ್ತದೆ, ನಾ ಕಂಡಿದ್ದೇನೆ.

"ಸಾಬ್," ವಜೀರ ಬೀಡಿ ಆರಿಸಿದ,
"ಪರದೇಶದಾಗ ಥಂಡಿಗೊಂದು ಜೋಡಿ, ಬ್ಯಾಸಗಿಗೊಂದು ಜೋಡಿ ಅಂತ,
ಸ್ವೆಟರ್ ತೆಗೆದು ಹಾಕಿದಂಗ.
ನಮ್ಮ ಕಡೆ ಬರ್ಫ್ ಎಲ್ಲದ?
ಇದೇ ರಬ್ಬರ್ ಮ್ಯಾಲ ಮೇ ತಿಂಗಳ ಡಾಂಬರೂ ಕಳೀಬೇಕು,
ಇದೇ ರಬ್ಬರ್ ಮ್ಯಾಲ ಈ ಧುಂಧೂ ಕಳೀಬೇಕು."

ಹಳೆ ಟೈರಿನ ಗೀರಿಗೆ ರೂಪಾಯಿ ಸಿಕ್ಕಿಸಿದ.
ನಿಲ್ಲಲಿಲ್ಲ, ಬಿತ್ತು.
ಸ್ಕ್ರೂಡ್ರೈವರಿನಿಂದ ಕಲ್ಲು ಕೀಳುತ್ತ ಹೋದ:
ಕೋಟೆ ಓಣಿಯ ಕೆಂಪು ಹರಳು,
ಶಹಾಬಾದ್ ಫರ್ಸಿಯ ಬಿಳಿ ಚೂರು, ಮುರಿದ ಜಾಲಿ ಮುಳ್ಳು.
ನಾವು ಹೋದಲ್ಲೆಲ್ಲ ನೆಲ ಒಂದೊಂದು ತುತ್ತು ಕಟ್ಟಿಕೊಟ್ಟಿತ್ತು.

ರಾಹೇಲಕ್ಕ ಏನೂ ಅನ್ನಲಿಲ್ಲ.
ಮೂವತ್ತೊಂದು ವರ್ಷ ನರ್ಸಮ್ಮ. ಈಗ ರಿಟೈರು.
ಮನೆಯಲ್ಲಿ ಯಾರಿಗೇನಾದರೂ ಮೊದಲ ಫೋನು ಅವಳಿಗೆ.
ಸುಗುಣಾಳ ಎರಡು ಬಾಣಂತನ, ಅವ್ವನ ಕಡೆಯ ಹನ್ನೊಂದು ತಿಂಗಳು.
ಗಾಡಿಯಲ್ಲಿ ಅವಳ ಜಾಗ ಹಿಂದಿನದರ ಹಿಂದಿನ ಸೀಟು,
ಬ್ಯಾಗುಗಳ ಜೊತೆ.

ಹುಡುಗ ತಳದಿಂದ ಸ್ಟೆಪ್ನಿ ಇಳಿಸಿದ.
"ನೋಡ್ರಿ, ನೆಲ ಮುಟ್ಟೇ ಇಲ್ಲ,
ಹುಟ್ಟುಗೂದಲು ಇನ್ನೂ ಹಂಗೇ ಅದ."
ನಿಜ. ಮೈತುಂಬ ರಬ್ಬರಿನ ಸಣ್ಣ ಎಳೆಗಳು.
ಉಳೀತು ಒಂದರ ದುಡ್ಡು, ಅಂದುಕೊಂಡೆ.
ವಜೀರ ಟಾರ್ಚು ಹಿಡಿದ.
ಪಕ್ಕೆಯುದ್ದಕ್ಕೂ ಬಿರುಕು, ಬೇಸಿಗೆ ಕೆರೆಯಂಗಳದ ಹಾಗೆ.
"ಏಳು ವರ್ಷ ಆತು. ಓಡದಿದ್ರೂ ವಯಸ್ಸು ಆಗೇ ಆಗ್ತದ್ರಿ."

ಅಕ್ಕ ಬಗ್ಗಿ ಒಂದು ಎಳೆ ಚಿವುಟಿದಳು.
ಪಟ್ಟನೆ ಬಂತು.

ಹೊಸವು ಅಂಗಡಿಯಲ್ಲಿ ಮೂರೇ ಇದ್ದವು.
ನಾಲ್ಕನೆಯದು ಜಹೀರಾಬಾದಿನಿಂದ ಸಂಜೆಗೆ ಬರಬೇಕು.
ಅಲಾಯ್ ಮುಂದಿನ ವರ್ಷ, ಎಂದಾಗ ಸುಗುಣಾ
ಮುಖ ತಿರುಗಿಸಿ ಬೇವಿನ ತಲೆ ಹುಡುಕತೊಡಗಿದಳು.
"ಸಂಜೀ ತನಕ ಹಳೇದೇ ಒಂದು ಇರಲಿ," ಎಂದೆ.
"ಯಾಕ, ಅದನ್ನ ಹಾಕು," ಅಕ್ಕ.
"ಬಾಯಿ, ಬಿರುಕು ಬಿಟ್ಟದ..."
"ಎಷ್ಟು ದೂರ ಹೋದೀತು?"
"ಊರಾಗಾದ್ರ ಹೋದೀತು. ಮೂವತ್ತರ ಮ್ಯಾಲ ಬ್ಯಾಡ."
"ಹಾಕು. ಒಂದಿನ ಅದೂ ನೆಲ ನೋಡ್ಲಿ."
ಸುಗುಣಾ ನಕ್ಕಳು. ವಜೀರ ನಗಲಿಲ್ಲ,
ಗಾಳಿ ತುಂಬಿ, ಕಿವಿಯಿಟ್ಟು ಕೇಳಿ,
ಹಿಂದಿನ ಎಡಗಾಲಿಗೆ ಕೂಡಿಸಿ ಒಂದೊಂದೇ ನಟ್ಟು ಬಿಗಿದ.

ಮುಂದೆ ಕೂಡು ಬಾ, ಎಂದರೆ ಅಕ್ಕ ಬರಲಿಲ್ಲ.
ಹಿಂದೆಯೇ ಹತ್ತಿದಳು, ಎಡಕ್ಕೆ,
ಬ್ಯಾಗುಗಳನ್ನು ಆಚೆ ದೂಡಿ.
ಮಂಜಿನಲ್ಲಿ ಹೊರಟೆವು, ಇಪ್ಪತ್ತೈದರಲ್ಲಿ.
ಎಳೆಗಳು ಡಾಂಬರಿಗೆ ತಾಗಿ ಸವೆಯುವ ಸದ್ದು,
ಹಸಿ ಹೂರಣ ರುಬ್ಬಿದ ಹಾಗೆ,
ನನಗೆ ಕೇಳಿಸಿತೋ, ಕೇಳಿಸಿತೆಂದುಕೊಂಡೆನೋ.
ಕನ್ನಡಿಯಲ್ಲಿ ಅಕ್ಕ: ಗಾಜು ಇಳಿಸಿ,
ಸೆರಗು ಕಿವಿಗೆ ಸುತ್ತಿ, ಕತ್ತು ಹೊರಗೆ,
ಕಣ್ಣು ಕೆಳಗೆ, ತಿರುಗುವುದರ ಮೇಲೆ.
ಹಿಂದೆ ಯಾವುದೋ ಲಾರಿ ಹಾರ್ನು ಹೊಡೆದೇ ಹೊಡೆಯಿತು.
"ಹೊಡೀಲಿ ಬಿಡು," ಎಂದಳು.
"ನೀ ಹಿಂಗೇ ನಡಸು."