ಮೂವತ್ತು

ಗುಂಡಿ ಮೊದಲೇ ಇತ್ತು. ಜೆಸಿಬಿ ಬಂದು
ಕೆಮ್ಮಣ್ಣು ಬಗೆದು ಹೋಗಿ ವಾರವಾಗಿತ್ತು.
ಕೈಮರದ ಚೆಕ್‌ಪೋಸ್ಟ್ ದಾಟಿ ಮೂರನೇ ತಿರುವು,
ರೆಸಾರ್ಟಿನ ಹಿತ್ತಿಲು. ಕೆಳಗೆ ಚಿಕ್ಕಮಗಳೂರು
ಹಗಲು ಹೊಗೆ, ರಾತ್ರಿ ಚೆಲ್ಲಿದ ಅರಳು.

ಡ್ರಾಯಿಂಗಿನಲ್ಲಿ ಸ್ಪಾ ಅಂತ ಬರೆದಿತ್ತು,
ಮೇಸ್ತ್ರಿ ಬಾಯಲ್ಲಿ ಬಿಸಿನೀರ ತೊಟ್ಟಿ.
ಸಿಲ್ವೆಸ್ಟರ್ ಇಣುಕಿ ನೋಡಿ,
"ಆರು ಜನ ಕೂರಬಹುದು ಸೋಮ್ಲಾ,
ಒಬ್ಬರ ಮೊಣಕಾಲು ಒಬ್ಬರಿಗೆ ತಾಗೋ ಹಾಗೆ,
ನಿಮ್ಮ ಕಡೂರಿನ ಬಸ್ಸು" ಅಂದ.

ನಾನು ಪೈಪು. ಅವನು ತಂತಿ.
ನೀರಿನವನೂ ಕರೆಂಟಿನವನೂ ಒಂದೇ ಗುಂಡಿಗಿಳಿದರೆ
ಎಣ್ಣೆ ಸೀಗೆಕಾಯಿ ಅನ್ನುತ್ತಾರೆ ಜನ.
ನಮ್ಮದು ಹಾಗಲ್ಲ. ಹತ್ತು ವರ್ಷದಿಂದ
ಅವನ ಹೋಲ್ಡರಿನ ಕೆಳಗೇ ನನ್ನ ನಲ್ಲಿ.

ಎರಡಿಂಚು ಪೈಪು. ಹೀರುವ ಬಾಯಿ ಎರಡು:
ಒಂದನ್ನು ಯಾರದೋ ಬೆನ್ನು ಮುಚ್ಚಿದರೂ
ಇನ್ನೊಂದು ಎಳೆಯುತ್ತಿರಬೇಕು. ಒಂದೇ ಇದ್ದರೆ
ಹಿಡಿದ ಜಡೆ ಬಿಡುವುದಿಲ್ಲ ಪಂಪು.
ಮೊಂಡು ಎಲ್ಬೋ ಬೇಡವೆಂದು ಉದ್ದ ಬಾಗಿನದು ತಂದೆ;
ಥಟ್ಟನೆ ತಿರುಗು ಅಂದರೆ ನೀರಿಗೂ ಸಿಟ್ಟು.
ಗಾಳಿಯ ಕೊಳವೆ ಮಾತ್ರ ನೀರಿನ ಮಟ್ಟ ದಾಟಿ
ಮೇಲೆ ಹಾರಿ ಇಳಿಯಬೇಕು, ಬೇಲಿ ಹಾರುವ ಮೇಕೆ.

ಅವನದು ಇನ್ನೂ ನಾಜೂಕು.
ತಳದ ಕಬ್ಬಿಣದ ಬಲೆ, ಹಿಡಿಕೆ, ಏಣಿ,
ಪಂಪಿನ ಮೈ, ಹೀಟರಿನ ಮೈ,
ಮುಟ್ಟಿದರೆ ತಣ್ಣಗಿರುವ ಎಲ್ಲಕ್ಕೂ
ಒಂದೇ ಬರಿ ತಾಮ್ರದ ತಂತಿ ಎಳೆದು ಬಿಗಿದ.
"ಏಣಿಗೆ ಯಾಕೋ ತಂತಿ? ಅದಕ್ಕೆ ಕರೆಂಟೇ ಇಲ್ಲ."
"ಕರೆಂಟು ಹೊಡೆಯೋದಿಲ್ಲ ಮಾರಾಯ,
ವ್ಯತ್ಯಾಸ ಹೊಡೆಯುತ್ತೆ. ಇದು ಹೆಚ್ಚು, ಅದು ಕಡಿಮೆ
ಅಂತಿದ್ದರೆ ತಾನೇ ನಡುವೆ ನಿಂತವನಿಗೆ ಪೆಟ್ಟು.
ಎಲ್ಲವನ್ನೂ ಒಂದೇ ಮಟ್ಟಕ್ಕೆ ಕಟ್ಟಿಬಿಟ್ಟರೆ..."
ಸ್ಕ್ರೂ ಬಿಗಿಯಲು ನಾಲಿಗೆ ಕಚ್ಚಿದ. ಮಾತು ಅಲ್ಲಿಗೇ ನಿಂತಿತು.

ಆಮೇಲೆ ಉಪ್ಪು, ಇದ್ದಿಲು, ಎಂಟಡಿ ಕೊಳವೆ.
ಕೊಡ ನೀರೆರೆದು ಎದೆಗೆ ಶಿಲುಬೆ ಗುರುತು ಹಾಕಿಕೊಂಡ.

ಸಂಜೆ ಎಲ್ಲ ಬಾಯಿಗೂ ಬಿರಡೆ ಜಡಿದು
ಕೈಪಂಪು ಒತ್ತಿದೆ. ಮುಳ್ಳು ಮೂವತ್ತಕ್ಕೆ ನಿಂತಿತು.
ಬೆಳಗಿನವರೆಗೆ ನಿಂತರೆ ಮಾತ್ರ ಮಣ್ಣು.
ಅವನ ಪೆಟ್ಟಿಗೆಯಲ್ಲೂ ಒಂದು ಮೂವತ್ತು,
ಮಿಲಿಯಾಂಪು: ಅಷ್ಟು ಸೋರಿದರೆ
ರೆಪ್ಪೆ ಬಡಿಯುವುದರೊಳಗೆ ಸ್ವಿಚ್ಚು ಕೆಳಗೆ.
ನನ್ನ ಮೂವತ್ತು ಇಳಿಯಬಾರದು, ಅವನದು ಮುಟ್ಟಬಾರದು.
ಟಾರ್ಪಾಲು ಹಾಸಿ ಮಲಗಿದೆವು. ಕಾಫಿ ಹೂವಿನ ಘಮ
ನನ್ನ ಬೆರಳಿನ ಅಂಟಿನ ವಾಸನೆಗೆ ಸೋತಿತ್ತು.

ಎರಡಕ್ಕೆ ಟಾರ್ಚು ಬಿಟ್ಟೆ: ಇಪ್ಪತ್ತೊಂಬತ್ತು.
ಚಳಿಗೆ ಕುಗ್ಗಿರಬೇಕು.
ನಾಲ್ಕಕ್ಕೆ ಇಪ್ಪತ್ತಾರು.
ಚಳಿ ಇಷ್ಟು ಸುಳ್ಳು ಹೇಳೋದಿಲ್ಲ.

ಯಾವ ಜಾಯಿಂಟು ಅಂತ ಗೊತ್ತಿತ್ತು.
ಹಿಂದಿನ ದಿನ ಅಂಟು ಹಚ್ಚಿ ತಿರುಗಿಸುವಾಗ
ತಾಂಡಾದಿಂದ ಫೋನು: ಟ್ಯಾಂಕರು ಬಂದಿದೆ,
ಡ್ರಮ್ಮಿಗೆ ಬಿಡೋ ಪೈಪು ಎಲ್ಲಿಟ್ಟಿದ್ದೀಯ?
ಕಿವಿಗೂ ಭುಜಕ್ಕೂ ನಡುವೆ ಫೋನು ಒತ್ತಿಕೊಂಡು
ಅಟ್ಟದ ಮೇಲೆ, ಗೋಣಿಯ ಹಿಂದೆ, ಅನ್ನುತ್ತಿದ್ದೆ.
ಇಲ್ಲಿ ಕಾಲು ಸುತ್ತು ಕಡಿಮೆ ತಿರುಗಿತ್ತು.

ಸಿಲ್ವೆಸ್ಟರನ ಗೊರಕೆ ಕೆಡಿಸಲಿಲ್ಲ.
ಕೊಯ್ದು, ಹೊಸದು ಕೂರಿಸಿ, ಕೈ ಬಿಡದೆ
ಒಂದರಿಂದ ಮೂವತ್ತು ಎಣಿಸಿದೆ.
ಬೆಳಗಾದ ಮೇಲೂ ಅವನಿಗೆ ಹೇಳಲಿಲ್ಲ.
ತಾಜಾ ಅಂಟು ನೋಡಿ ಅವನೂ ಕೇಳಲಿಲ್ಲ.

ಹತ್ತನೇ ದಿನ ನೀರು ತುಂಬಿತು, ಅರ್ಧ ಟ್ಯಾಂಕರಿನಷ್ಟು.
ಒಳಗೆ ಹನ್ನೆರಡು ವೋಲ್ಟಿನ ನೀಲಿ ದೀಪ.
ಸಿಲ್ವೆಸ್ಟರ್ ಪೆಟ್ಟಿಗೆಯ ಪುಟ್ಟ ಗುಂಡಿ ಒತ್ತಿದ: ಟಕ್.
ಸ್ವಿಚ್ಚು ಬಿತ್ತು. ಎತ್ತಿದ.
ಈ ದೊಡ್ಡ ಗುಂಡಿಗೆ ಕೈ ತೋರಿಸಿ, "ಇಳಿ" ಅಂದ.
ನಾನು ಅವನ ಮುಖ ನೋಡಿದೆ.
ಅವನು ಆಗಲೇ ಷರಟು ಬಿಚ್ಚುತ್ತಿದ್ದ.

ಕುತ್ತಿಗೆವರೆಗೂ ನೀರು. ಬೆನ್ನಿಗೆ ನನ್ನದೇ ಪೈಪಿನ ಗುದ್ದು.
ಮೊಣಕಾಲಿಗೆ ಮೊಣಕಾಲು ತಾಗಿತು. ಏನೂ ಆಗಲಿಲ್ಲ.

ಮ್ಯಾನೇಜರು ಬಂದ, ಅಂಚಿನಲ್ಲಿ ಒಣ ಷೂ.
"ಏನ್ರೀ ಇದು?"
"ಟೆಸ್ಟಿಂಗ್ ಸಾರ್."
"ಇನ್ನೂ ಎಷ್ಟು?"
ಸಿಲ್ವೆಸ್ಟರ್ ಕಣ್ಣು ಮುಚ್ಚಿಕೊಂಡೇ ಇದ್ದ.
"ಇನ್ನೊಂದು ಮೂವತ್ತು" ಅಂದೆ.