ಜೇಬು

ತರ್ಕಶ್ ಮಹಲಿನ ಕಾವಲುಗಾರ ನಾ.
ಹದಿನಾರು ವರ್ಷ ಆತು, ಬೀಗ ತೆಗ್ಯೂದು, ಹಾಕೂದು.
"ತುರ್ಕಿ ರಾಣಿ ಇದ್ಲಂತ್ರೀ ಇಲ್ಲಿ" ಅಂತ
ಬಂದವ್ರಿಗೆಲ್ಲ ಹೇಳ್ತೀನಿ.
ಹೆಸರು ಕೇಳಿದ್ರ ಬೀಡಿ ಹಚ್ಕೋತೀನಿ.

ನಿನ್ನೆ ಒಬ್ಬಾಕಿನೇ ಬಂದ್ಲು,
ಮನೀನೇ ಬೆನ್ನಿಗೆ ಕಟ್ಕೊಂಡಂಥ ಚೀಲ.
ಊರು ಸಿವಾಸ್ ಅಂದ್ಲು.
ನಾ ಹುಮನಾಬಾದ ಅಂದೆ.
ಅಲ್ಲಿಗೆ ಮಾತು ಮುಗೀತು.

ಪ್ಯಾರಲಹಣ್ಣು ಕೊಯ್ಯಾಕ ಚಾಕು ತೆಗದೆ.
"ಚಾಕಿ!" ಅಂತ ಜಿಗದಾಡಿದ್ಲು ಹುಡುಗಿ.
ತನ್ನ ಜೇಬು ಮುಟ್ಟಿ "ಜೆಪ್" ಅಂದ್ಲು,
ಗ್ವಾಡಿಗೆ ಕೈ ಇಟ್ಟು "ದುವಾರ್."
ನಾ "ದಿವಾರ" ಅಂದೆ,
ನಮ್ಮ ಬಾಜೂಮನಿ ಖಮರಬೀ ಅಂದಂಗ.
ದುಕಾನ, ಮೈದಾನ, ಸಾಬೂನು, ಹವಾ, ದುನಿಯಾ...
ಬಶ್ಯಾಗಿನ ಚಹಾ ಆರೂತನಕ
ಬ್ಯಾಳಿ ಆರಿಸಿದಂಗ ಆರಿಸಿದ್ವಿ ಇಬ್ರೂ.
ಹೋಗು, ಬಾ ಅನ್ನೂವು ಮಾತ್ರ
ಒಂದೂ ಸಿಗಲಿಲ್ಲ.

ಆಮ್ಯಾಲ ರಾಣಿ ಖೋಲಿಯೊಳಗ ಹೋದ್ಲು.
ಅಲ್ಲೇನದ? ಗಚ್ಚಿನ ಹೂವು,
ಹೂವಿನ ಮ್ಯಾಲ ಬಾವಲಿ ಹಿಕ್ಕಿ.
ಭಾಳ ಹೊತ್ತು ಹೊರಗ ಬರಲಿಲ್ಲ.
ಬಂದಾಗ ಕಣ್ಣು ಕೆಂಪಾಗಿದ್ವು,
ಧೂಳಿರಬೇಕು.
ಹಗಲ ಚಂದ್ರಗ ಬೊಟ್ಟು ಮಾಡಿ "ಆಯ್" ಅಂದ್ಲು.
ನಮ್ಮಲ್ಲಿ ಅಜ್ಜಿಗೆ ಆಯಿ ಅಂತಾರ,
ನಮ್ಮಾಯಿ ಸತ್ತು ಮೂರು ತಿಂಗಳಾತು.
ಇಷ್ಟೆಲ್ಲ ಹೆಂಗ ಹೇಳ್ಲಿ?
ಹೂಂ ಅಂದೆ.

ಹೋಗ್ವಾಗ ಚೀಟಿ ಮ್ಯಾಲ
ತನ್ನ ಹೆಸರು ಬರದು ಕೊಟ್ಟಾಳ.
ಆ ಅಕ್ಷರ ನನಗ ಓದಾಕ ಬರೂದಿಲ್ಲ.

ಇವತ್ತು ಭಾಲ್ಕಿ ಸಾಲಿ ಹುಡುಗ್ರು ಬಂದಿದ್ವು.
"ರಾಣಿ ಹೆಸರೇನ್ರೀ ಕಾಕಾ?"
ಬೀಡಿ ಹಚ್ಚಲಿಲ್ಲ.
ಜೇಬು ಮುಟ್ಟಿ ನೋಡ್ಕೊಂಡೆ.