ಹಿಡಿದಿರುವ ಕೆಲಸ

ವಾಲ್ಪರೈಸೊ. ಬಂದರಿನ ಮೇಲಣ ಗುಡ್ಡ.
ಹಗ್ಗದ ರೈಲಿನ ಬ್ರೇಕು ಹಿಡಿದು ಮೂವತ್ತೊಂದು ವರ್ಷ ಕಳೆದ
ಬೆಲಾರ್ಮಿನೊ ಮುದುಕ
ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ಬೆಕ್ಕು ತಂದ.
ಹೆಸರು ಪೋಲ್ವೊರಾ, ಸಿಡಿಮದ್ದು ಎಂದರ್ಥ.
"ಮೀನಿನ ಮುಂದೆ ಕೂರುತ್ತೆ. ಮೂಸುತ್ತೆ.
ಆಮೇಲೆ ಮೀನಿಗೇ ಬೈದು ಓಡಿಹೋಗುತ್ತೆ."

ಬಾಯಿ ತೆರೆಸಿದರೆ ಒಳಗೆಲ್ಲ ಕೆಂಡ.
ಒಸಡು, ಗಂಟಲ ಕಮಾನು, ನಾಲಗೆಯ ಅಂಚು.
ತನ್ನ ಹಲ್ಲಿನ ಮೇಲೆ ತನ್ನ ಮೈಯೇ ಮುನಿದ ರೋಗ.
ನಾವೋ, ಕಷ್ಟ ಬಂದರೆ ಹಲ್ಲು ಕಚ್ಚಿ ಸಹಿಸು ಅನ್ನುವ ಜನ.
ಇದಕ್ಕೆ ಕಚ್ಚುವುದೇ ಕಷ್ಟ.

ಡಾಕ್ಟರ್ ಕತ್ರಿಲೆಯೊ ಎಂದಳು: ಎಲ್ಲ ತೆಗೆಯಬೇಕು.
"ಎಲ್ಲ ಅಂದರೆ?"
ಇರುವಷ್ಟೂ.
ಅವನು ತನ್ನ ಕೆಳದವಡೆ ಮುಟ್ಟಿಕೊಂಡ.

ನನ್ನ ಕೆಲಸ ಉಸಿರು ಎಣಿಸುವುದು.
ಚೀಲ ಉಬ್ಬಿತು, ಇಳಿಯಿತು, ಐದು ನಿಮಿಷಕ್ಕೊಮ್ಮೆ ಬರೆ.
ಬೆಕ್ಕಿಗೆ ಮೂವತ್ತು ಹಲ್ಲು; ಇದರ ನಕ್ಷೆಯಲ್ಲಿ ಉಳಿದದ್ದು ಹತ್ತೊಂಬತ್ತು,
ಮತ್ತೆ ಎಕ್ಸ್‌ರೇಯಲ್ಲಿ ಮಾತ್ರ ಕಾಣುವ ಎರಡು ಬೇರು:
ಮೇಲೆ ಮನೆ ಬಿದ್ದಮೇಲೂ
ನೆಲಮಾಳಿಗೆ ಬಿಡದ ಬಾಡಿಗೆದಾರರು.

ಕೋರೆಹಲ್ಲಿಗೆ ಬಂದಾಗ ಹೊತ್ತು ನಿಂತಿತು.
ಹೊರಗೆ ಕಾಣುವುದಕ್ಕಿಂತ ಒಳಗಿರುವುದೇ ಉದ್ದ.
ಒಸಡು ಬಿಡಿಸಿ, ಮೂಳೆ ತುಸು ಕೊರೆದು,
ಸಣ್ಣ ಉಳಿಯನ್ನು ಸಂದಿಗಿಟ್ಟು, ಕೂದಲೆಳೆಯಷ್ಟು ತಿರುವಿ
ಆಕೆ ಸುಮ್ಮನೆ ಹಿಡಿದಿದ್ದಳು.
ಹತ್ತು ಎಣಿಸು, ಎಂದಳು. ಎಣಿಸಿದೆ.
ಇನ್ನೊಮ್ಮೆ.
ಕೀಳಹೋದರೆ ದವಡೆ ಮುರಿಯುತ್ತೆ.
ಹಿಡಿದೇ ಇದ್ದರೆ
ಒಳಗಿನ ನಾರು ದಣಿದು ತಾನಾಗಿ ಕೈಬಿಡುತ್ತೆ.

ಆರೂವರೆಗೆ ಹೊರಬಂದು ಇದನ್ನೇ ಹೇಳಿದೆ ಮುದುಕನಿಗೆ,
ತಡವಾದದ್ದಕ್ಕೆ ನೆಪವಾಗಿ.
ಗೋಡೆಗೆ ಒರಗಿಸಿದ್ದ ತಲೆ ಎತ್ತಿದ.
"ಗೊತ್ತು. ಜಗ್ಗುವವನ ಕೈಯಲ್ಲಿ ಬೋಗಿ ಉಳಿಯಲ್ಲ."
ಗಾಳಿಯಲ್ಲೇ ಬ್ರೇಕು ಹಿಡಿದು ತೋರಿಸಿದ.
ಬೆಳಗಿನಿಂದ ನಡುಗುತ್ತಿದ್ದ ಕೈ
ಆಗ ನಡುಗಲಿಲ್ಲ.

ಹಲ್ಲು ತನಗೆ ಬೇಕೆಂದ. ಮಾತ್ರೆ ಡಬ್ಬಿಯಲ್ಲಿ ಹಾಕಿಕೊಟ್ಟೆ.
ಕಿವಿಯ ಬಳಿ ಅಲ್ಲಾಡಿಸಿದ,
ಅಕ್ಕಿಕಾಳಿಗಿಂತ ತುಸು ದಪ್ಪ ಸದ್ದು.
"ಇಷ್ಟಕ್ಕಾ?" ಎಂದ. ಯಾರಿಗೋ ಗೊತ್ತಿಲ್ಲ.

ಮೂರನೇ ವಾರ ಮತ್ತೆ ಬಂದರು.
ಹೊಲಿಗೆಯ ನೂಲು ಕರಗಿತ್ತು. ಕೆಂಡ ನಸುಗೆಂಪಾಗಿತ್ತು.
ಸಾರ್ಡೀನ್ ಮೀನು ಇಡಿಯಾಗಿ ನುಂಗುತ್ತದಂತೆ,
ಪಕ್ಕದ ಮನೆಯದನ್ನೂ.
ಬೆಲಾರ್ಮಿನೊ ಬಾಗಿಲಲ್ಲಿ ನಿಂತು ಬಸ್ಸಿಗೆ ಚಿಲ್ಲರೆ ಹುಡುಕುತ್ತಿದ್ದಾಗ
ಪೋಲ್ವೊರಾ ನನ್ನ ಹೆಬ್ಬೆರಳನ್ನು ಗಬಕ್ಕನೆ ಕಚ್ಚಿತು:

ಬರೀ ಒಸಡು. ಒದ್ದೆ, ಬೆಚ್ಚಗೆ,
ಸಿಟ್ಟೊಂದೂ ಕಡಿಮೆಯಿಲ್ಲ.

ಕೈ ಎಳೆದುಕೊಳ್ಳಲಿಲ್ಲ.
ಹತ್ತು ಎಣಿಸಿದೆ.